ದ್ರಾಕ್ಷಿತೋಟದೊಳಗಿನ ಹಳೆಯ ಕಾರುಗಳು: ಫ್ರಾನ್ಸ್‌ಹುಕ್ ಮೋಟಾರ್ ಸಂಗ್ರಹಾಲಯ ನೋಡಲು ಹೋಗುವವರಿಗೆ

ದಕ್ಷಿಣ ಆಫ್ರಿಕಾಕ್ಕೆ ಹೊರಟ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಕೇಪ್ ಟೌನ್ ಹತ್ತಿರದ ವೈನ್ ಎಸ್ಟೇಟ್ ಒಂದರಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆಯಂತೆ, ಅದನ್ನು ನೋಡುವುದು ಹೇಗೆ? ಎಷ್ಟು ಹೊತ್ತು ಬೇಕು? ವೈನ್ ಕುಡಿಯದವರು ಅಲ್ಲಿಗೆ ಹೋಗಬಹುದೆ? ಮಕ್ಕಳನ್ನೂ ವಯಸ್ಸಾದ ತಂದೆತಾಯಿಯರನ್ನೂ ಕರೆದೊಯ್ಯಬಹುದೆ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಕ್ರಮವಾಗಿ ಒಂದೆಡೆ ಬರೆದಿಡುವುದು ಮೇಲೆನಿಸಿ ಈ ಲೇಖನವನ್ನು ಬರೆದಿದ್ದೇನೆ.

ಮೊದಲು ಸ್ಥಳದ ಪರಿಚಯ. ಫ್ರಾನ್ಸ್‌ಹುಕ್ ಮೋಟಾರ್ ಸಂಗ್ರಹಾಲಯವು ದಕ್ಷಿಣ ಆಫ್ರಿಕಾದ ಪಶ್ಚಿಮ ಕೇಪ್ ಪ್ರಾಂತ್ಯದಲ್ಲಿ, ಗ್ರೂಟ್ ಡ್ರಾಕನ್‌ಸ್ಟೈನ್ ಬೆಟ್ಟಗಳ ತಪ್ಪಲಿನ ಲೋರ್ಮರಿನ್ಸ್ ಎಂಬ ವೈನ್ ಎಸ್ಟೇಟಿನೊಳಗೆ ಇದೆ. ಆಂಟನಿ ರೂಪರ್ಟ್ ಹೆಸರಿನ ವೈನುಗಳು ತಯಾರಾಗುವುದು ಇದೇ ಎಸ್ಟೇಟಿನಲ್ಲಿ. ಇದು ಸರ್ಕಾರದ ಸಂಸ್ಥೆಯಲ್ಲ, ರೂಪರ್ಟ್ ಕುಟುಂಬದ ಖಾಸಗಿ ಸಂಗ್ರಹ. ಉದ್ಯಮಿ ಆಂಟನ್ ರೂಪರ್ಟ್ ಅವರ ರೆಂಬ್ರಾಂಟ್ ಸಮೂಹವು 1974ರಲ್ಲಿ ಜೋಹಾನ್ಸ್‌ಬರ್ಗ್ ಸಮೀಪದ ಹೈಡಲ್‌ಬರ್ಗ್ ಪಟ್ಟಣದ ಹಳೆಯ ರೈಲು ನಿಲ್ದಾಣದಲ್ಲಿ ಆರಂಭಿಸಿದ ವಾಹನ ಸಂಗ್ರಹಾಲಯವೇ ಇದರ ಬೇರು. ಅದು ಮುಚ್ಚಿದ ಬಳಿಕ ಅಲ್ಲಿನ ವಾಹನಗಳು ಈ ಎಸ್ಟೇಟಿಗೆ ಬಂದವು, 2007ರಲ್ಲಿ ಹೊಸ ಸಂಗ್ರಹಾಲಯ ಬಾಗಿಲು ತೆರೆಯಿತು. ಸಂಗ್ರಹದಲ್ಲಿ 220ಕ್ಕೂ ಹೆಚ್ಚು ವಾಹನಗಳಿದ್ದು, ಒಂದು ಬಾರಿಗೆ ಸುಮಾರು 80 ಮಾತ್ರ ನಾಲ್ಕು ಸಭಾಂಗಣಗಳಲ್ಲಿ ಕಾಲಾನುಕ್ರಮವಾಗಿ ನಿಂತಿರುತ್ತವೆ. 1898ರ ಬೀಸ್ಟನ್ ಮೋಟಾರ್ ತ್ರಿಚಕ್ರದಿಂದ 2003ರ ಫೆರಾರಿ ಎನ್ಜೋವರೆಗೆ ಈ ಸಂಗ್ರಹದ ಹರವು. ಕಾರುಗಳ ಜೊತೆಗೆ ಮೋಟಾರ್ ಸೈಕಲ್ಲು, ಸೈಕಲ್ಲು ಮತ್ತು ಹಳೆಯ ಮೋಟಾರ್ ಯುಗದ ನೆನಪಿನ ವಸ್ತುಗಳೂ ಇವೆ.

ಈ ಅಂಕಿಗಳಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಮೂರರಲ್ಲಿ ಎರಡು ಪಾಲಿನಷ್ಟು ವಾಹನಗಳು ಯಾವಾಗಲೂ ಒಳಗಿನ ಕೊಠಡಿಗಳಲ್ಲಿರುತ್ತವೆ, ಪ್ರದರ್ಶನದಲ್ಲಿರುವವೂ ಆಗಾಗ ಬದಲಾಗುತ್ತವೆ. ಯಾರೋ ಮೂರು ವರ್ಷದ ಹಿಂದೆ ಹಾಕಿದ ಚಿತ್ರವನ್ನು ನೋಡಿ ಅದೇ ಕಾರನ್ನು ಕಾಣಲೆಂದು ಅಷ್ಟು ದೂರ ಹೋದರೆ ನಿರಾಸೆಯಾಗಬಹುದು. ನಿಮ್ಮ ಮನಸ್ಸಿನಲ್ಲಿ ನಿರ್ದಿಷ್ಟ ಕಾರೊಂದಿದ್ದರೆ ಅದು ಈಗ ಸಭಾಂಗಣದಲ್ಲಿದೆಯೇ ಎಂದು ಮೊದಲೇ ಬರೆದು ಕೇಳಿ.

1. ಕಾಲವನ್ನು ಆರಿಸಿಕೊಳ್ಳುವುದು

ದಕ್ಷಿಣ ಗೋಳಾರ್ಧದಲ್ಲಿ ಋತುಗಳು ನಮಗೆ ತಿರುಗುಮುರುಗು. ಜೊತೆಗೆ ಕೇಪ್ ಪ್ರದೇಶದ್ದು ಮೆಡಿಟರೇನಿಯನ್ ಮಾದರಿಯ ಹವೆ, ಅಂದರೆ ಬೇಸಿಗೆ ಒಣಗಿರುತ್ತದೆ, ಮಳೆ ಬರುವುದು ಚಳಿಗಾಲದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಮತ್ತು ಚಳಿ ಎರಡೂ ಒಟ್ಟಿಗಿರುತ್ತವೆ. ಹೀಗಾಗಿ ನಮ್ಮ ಏಪ್ರಿಲ್-ಮೇ ರಜೆಯಲ್ಲಿ ಹೋಗುವವರಿಗೆ ಅಲ್ಲಿ ಶರತ್ಕಾಲ ಸಿಗುತ್ತದೆ, ದ್ರಾಕ್ಷಿ ಎಲೆಗಳು ಹಳದಿ, ಕೆಂಪು ಬಣ್ಣಕ್ಕೆ ತಿರುಗಿರುತ್ತವೆ. ದ್ರಾಕ್ಷಿ ಕೊಯ್ಲನ್ನೇ ನೋಡಬೇಕೆಂದಿದ್ದರೆ ಫೆಬ್ರವರಿ ಮತ್ತು ಮಾರ್ಚ್ ಸರಿಯಾದ ತಿಂಗಳುಗಳು. ನಂದಿ ಬೆಟ್ಟದ ಸುತ್ತಲಿನ ವೈನ್ ದ್ರಾಕ್ಷಿಯ ಕೊಯ್ಲೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬರುವುದು ಕುತೂಹಲದ ಸಂಗತಿ. ಅಲ್ಲಿ ಅದು ಬೇಸಿಗೆಯ ಬೆಳೆ, ನಮ್ಮಲ್ಲಿ ಎರಡು ಬಾರಿ ಸವರಿ ಚಳಿಗಾಲದಲ್ಲಿ ಪಡೆಯುವ ಬೆಳೆ.

ಡಿಸೆಂಬರ್ ಮಧ್ಯದಿಂದ ಜನವರಿ ಆರಂಭದವರೆಗೆ ಆ ದೇಶದವರಿಗೇ ದೊಡ್ಡ ರಜೆ. ಆಗ ಕಣಿವೆಯ ಪ್ರತಿಯೊಂದು ಎಸ್ಟೇಟೂ ತುಂಬಿರುತ್ತದೆ, ಕೊಠಡಿ ಬಾಡಿಗೆಯೂ ಏರಿರುತ್ತದೆ. ಬೇರೆ ತಿಂಗಳಲ್ಲಿ ಹೋಗಲು ಸಾಧ್ಯವಿದ್ದರೆ ಹಾಗೆಯೇ ಮಾಡಿ. ವಾರದ ದಿನಗಳಲ್ಲಿ, ಅದರಲ್ಲೂ ಬೆಳಗ್ಗೆ, ಸಭಾಂಗಣಗಳು ಶಾಂತವಾಗಿರುತ್ತವೆ.

2. ಕಾಗದಪತ್ರಗಳು

ಭಾರತದ ಪಾಸ್‌ಪೋರ್ಟ್ ಹೊಂದಿರುವವರಿಗೆ ದಕ್ಷಿಣ ಆಫ್ರಿಕಾದ ವೀಸಾ ಕಡ್ಡಾಯ. ವಿಮಾನದ ಟಿಕೆಟ್ಟಿಗಿಂತ ಇದಕ್ಕೆ ಮೊದಲು ಗಮನ ಕೊಡಿ, ಸಾಕಷ್ಟು ವಾರಗಳ ಮುಂಚೆ ಅರ್ಜಿ ಹಾಕಿ. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಎರಡು ಖಾಲಿ ಪುಟಗಳಿರಲಿ. ಮಕ್ಕಳು ಜೊತೆಗಿದ್ದರೆ ಇಬ್ಬರೂ ಪೋಷಕರ ಹೆಸರಿರುವ ಜನ್ಮ ಪ್ರಮಾಣಪತ್ರವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ತಂದೆ ಅಥವಾ ತಾಯಿ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಲಿಖಿತ ಒಪ್ಪಿಗೆಯನ್ನೂ ಮಾಡಿಸಿಟ್ಟುಕೊಳ್ಳಿ. ಬೆಂಗಳೂರಿನಿಂದ ಕೇಪ್ ಟೌನ್‌ಗೆ ಹೋಗುವವರು ಸಾಮಾನ್ಯವಾಗಿ ದುಬೈ, ದೋಹಾ ಅಥವಾ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುತ್ತಾರೆ.

ಕಾರು ಬಾಡಿಗೆಗೆ ತೆಗೆದುಕೊಂಡು ತಾವೇ ಓಡಿಸುವವರು ಇಂಗ್ಲಿಷಿನಲ್ಲಿರುವ, ಭಾವಚಿತ್ರವೂ ಸಹಿಯೂ ಇರುವ ಚಾಲನಾ ಪರವಾನಗಿಯ ಜೊತೆಗೆ ನಿಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಅನುಮತಿ ಪತ್ರವನ್ನೂ ಒಯ್ಯುವುದು ಕ್ಷೇಮ. ಬಾಡಿಗೆ ಕಂಪನಿಗಳು ಇದನ್ನು ಕೇಳುವುದುಂಟು. ಅಲ್ಲಿ ವಾಹನ ಚಲಿಸುವುದು ನಮ್ಮಂತೆ ರಸ್ತೆಯ ಎಡಬದಿಯಲ್ಲೇ.

3. ಕಾಯ್ದಿರಿಸುವುದು

ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ಇದು ಖಾಸಗಿ ಜಮೀನಿನೊಳಗಿನ ಖಾಸಗಿ ಸಂಗ್ರಹಾಲಯ ಎಂಬುದನ್ನು ಮರೆತು, ಊರಿನ ನಡುವಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದಂತೆ ನೇರವಾಗಿ ಗೇಟಿಗೆ ಹೋಗಿ ನಿಲ್ಲುತ್ತಾರೆ. ಎಸ್ಟೇಟಿನಲ್ಲಿ ಖಾಸಗಿ ಸಮಾರಂಭವಿದ್ದರೆ, ಸಭಾಂಗಣಗಳಲ್ಲಿ ವಾಹನಗಳನ್ನು ಬದಲಿಸುತ್ತಿದ್ದರೆ ಅಥವಾ ದೊಡ್ಡ ಗುಂಪೊಂದು ಮೊದಲೇ ಬಂದಿದ್ದರೆ ನಿಮ್ಮ ದಿನ ವ್ಯರ್ಥವಾದೀತು. ಆದ್ದರಿಂದ ದಿನ ಮತ್ತು ಸಮಯವನ್ನು ಮೊದಲೇ ಕಾಯ್ದಿರಿಸಿ, ದೃಢೀಕರಣದ ಪತ್ರವನ್ನು ಫೋನಿನಲ್ಲಿ ಉಳಿಸಿಕೊಂಡು ಹೋಗಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ನಮ್ಮ ಬೆಳಗಿನ ಹತ್ತು ಗಂಟೆಗೆ ಕರೆ ಮಾಡಿದರೆ ಅಲ್ಲಿ ಆರೂವರೆ, ಯಾರೂ ಎತ್ತುವುದಿಲ್ಲ. ಮಧ್ಯಾಹ್ನ ಎರಡರ ಮೇಲೆ ಪ್ರಯತ್ನಿಸಿ.

ಸಂಗ್ರಹಾಲಯದ ಭೇಟಿ ಮತ್ತು ವೈನ್ ರುಚಿ ನೋಡುವುದು ಎರಡೂ ಒಂದೇ ಎಸ್ಟೇಟಿನಲ್ಲಿದ್ದರೂ ಬೇರೆ ಬೇರೆ ವ್ಯವಸ್ಥೆಗಳು. ಒಂದಕ್ಕೆ ಹಣ ಕಟ್ಟಿದರೆ ಇನ್ನೊಂದೂ ಸೇರಿತೆಂದು ಭಾವಿಸಬೇಡಿ. ವಾರಾಂತ್ಯದ ವೇಳಾಪಟ್ಟಿಯು ವಾರದ ದಿನಗಳದ್ದಕ್ಕಿಂತ ಬೇರೆಯಾಗಿರಬಹುದು. ಮುಚ್ಚುವ ಸಮಯಕ್ಕಿಂತ ಸಾಕಷ್ಟು ಮುಂಚೆಯೇ ಒಳಗೆ ಬಿಡುವುದು ನಿಲ್ಲುತ್ತದೆ ಎಂಬುದನ್ನೂ ಗಮನದಲ್ಲಿಡಿ. ಗುಡ್ ಫ್ರೈಡೇ, ಕ್ರಿಸ್‌ಮಸ್‌ನಂಥ ದಿನಗಳ ಬಗ್ಗೆ ಪ್ರತ್ಯೇಕವಾಗಿ ಕೇಳಿ. ಕಾಯ್ದಿರಿಸುವಾಗಲೇ ಕೇಳಬೇಕಾದ ಇನ್ನೂ ಕೆಲವು ಮಾತುಗಳಿವೆ: ನಡೆಯಲು ಕಷ್ಟವಿರುವವರಿಗೆ ಗಾಲಿಕುರ್ಚಿ ಸಿಗುತ್ತದೆಯೆ, ಸಂಗ್ರಹಾಲಯದಿಂದ ವೈನ್ ರುಚಿಯ ಕಟ್ಟಡಕ್ಕೆ ಎಸ್ಟೇಟಿನದೇ ವಾಹನವಿದೆಯೆ, ಸಸ್ಯಾಹಾರ ಸಿಗುತ್ತದೆಯೆ. ಸಸ್ಯಾಹಾರದ ವಿಷಯದಲ್ಲಿ ಮೀನೂ ಮೊಟ್ಟೆಯೂ ಬೇಡವೆಂಬುದನ್ನು ಬಿಡಿಸಿ ಹೇಳಿ. ಆ ಪದಕ್ಕೆ ಅಲ್ಲಿನ ಅಡುಗೆಮನೆಯವರು ಕೊಡುವ ಅರ್ಥ ನಮ್ಮದಕ್ಕಿಂತ ಸಡಿಲವಾಗಿರಬಹುದು.

4. ದಾರಿ, ಮತ್ತು ಕಾರು ಓಡಿಸುವವರು ಯಾರೆಂಬ ತೀರ್ಮಾನ

ಕೇಪ್ ಟೌನ್‌ನಿಂದ ಸುಮಾರು ಒಂದು ಗಂಟೆಯ ದಾರಿ. ಎನ್1 ಹೆದ್ದಾರಿಯಲ್ಲಿ ಪಾರ್ಲ್ ಕಡೆಗೆ ಹೋಗಿ, ಅಲ್ಲಿಂದ ಆರ್45 ರಸ್ತೆಗೆ ತಿರುಗುವುದು ನೇರ ಮಾರ್ಗ. ಸ್ಟೆಲನ್‌ಬಾಶ್ ಪಟ್ಟಣದಲ್ಲಿ ಉಳಿದುಕೊಂಡವರು ಆರ್310 ರಸ್ತೆಯಲ್ಲಿ ಬೆಟ್ಟದ ಘಾಟಿ ದಾಟಿ ಇದೇ ಆರ್45ಕ್ಕೆ ಬಂದು ಸೇರಬಹುದು. ನನಗೆ ಈ ಎರಡನೆಯ ದಾರಿಯೇ ಇಷ್ಟ, ಏಕೆಂದರೆ ಘಾಟಿಯ ನೆತ್ತಿಯಿಂದ ಇಳಿಯುವಾಗ ಕಣಿವೆಯ ಇಡೀ ವಿನ್ಯಾಸ, ಸಾಲು ಸಾಲಾದ ಬಳ್ಳಿಗಳೂ ಅವುಗಳ ಹಿಂದಿನ ಬಂಡೆಗೋಡೆಗಳೂ, ಒಮ್ಮೆಗೇ ತೆರೆದುಕೊಳ್ಳುತ್ತದೆ. ಪಾರ್ಲ್‌ನಿಂದ ಆರ್301 ರಸ್ತೆಯಲ್ಲಿ ಬರುವವರಿಗೆ ಡ್ರಾಕನ್‌ಸ್ಟೈನ್ ಸೆರೆಮನೆಯ ಗೇಟು ಸಿಗುತ್ತದೆ. ಆಗ ವಿಕ್ಟರ್ ವರ್ಸ್ಟರ್ ಎಂದು ಕರೆಯುತ್ತಿದ್ದ ಈ ಸೆರೆಮನೆಯಿಂದಲೇ ನೆಲ್ಸನ್ ಮಂಡೇಲಾ ಅವರು 1990ರ ಫೆಬ್ರವರಿ 11ರಂದು ಬಿಡುಗಡೆಯಾಗಿ ನಡೆದು ಹೊರಬಂದರು. ಗೇಟಿನ ಬಳಿ ಅವರ ಪ್ರತಿಮೆಯಿದೆ, ಐದು ನಿಮಿಷ ನಿಂತು ಮುಂದೆ ಹೋಗಬಹುದು.

ಈಗ ಗಂಭೀರವಾದ ವಿಷಯ. ದಕ್ಷಿಣ ಆಫ್ರಿಕಾದಲ್ಲಿ ಸಾಮಾನ್ಯ ಚಾಲಕರ ರಕ್ತದಲ್ಲಿ ಮದ್ಯದ ಅಂಶ ಪ್ರತಿ 100 ಮಿಲಿಲೀಟರಿಗೆ 0.05 ಗ್ರಾಂ ತಲುಪಿದರೆ ಅಪರಾಧ, ವೃತ್ತಿಪರ ಚಾಲಕರಿಗೆ ಮಿತಿ 0.02 ಗ್ರಾಂ. ರುಚಿ ನೋಡಲು ಕೊಡುವುದು ಒಂದೊಂದು ಗುಟುಕಾದರೂ ಐದಾರು ಲೋಟಗಳಾದ ಮೇಲೆ ಮಿತಿ ದಾಟಿದ್ದು ತಿಳಿಯುವುದಿಲ್ಲ. ಆದ್ದರಿಂದ ಕುಡಿಯದೆ ಉಳಿಯುವವರು ಯಾರೆಂಬುದನ್ನು ಹೊರಡುವ ಮುನ್ನ ಮನೆಯಲ್ಲೇ ತೀರ್ಮಾನಿಸಿ. ಅಂಥವರು ಗುಂಪಿನಲ್ಲಿ ಇಲ್ಲವೆಂದಾದರೆ ಇಡೀ ದಿನಕ್ಕೆ ಚಾಲಕಸಹಿತ ವಾಹನವನ್ನು ಗೊತ್ತುಮಾಡಿಕೊಳ್ಳಿ. ಆ್ಯಪ್ ಮೂಲಕ ಕರೆಸುವ ಟ್ಯಾಕ್ಸಿ ಕೇಪ್ ಟೌನ್‌ನಿಂದ ಹೋಗುವಾಗ ಸಿಕ್ಕಿತೆಂದ ಮಾತ್ರಕ್ಕೆ ಸಂಜೆ ಎಸ್ಟೇಟಿನ ಗೇಟಿಗೂ ಬರುತ್ತದೆಂದು ನಂಬಬೇಡಿ. ಕತ್ತಲಾಗುವ ಮುನ್ನ ಹೆದ್ದಾರಿ ಸೇರುವಂತೆ ಸಮಯ ಹೊಂದಿಸಿಕೊಳ್ಳಿ.

5. ಮೊದಲು ಕಾರು, ಆಮೇಲೆ ವೈನ್

ಅನೇಕರು ಇದನ್ನು ತಿರುಗಿಸಿ ಮಾಡುತ್ತಾರೆ. ಬೆಳಗ್ಗೆ ಬಂದು ವೈನ್ ರುಚಿಗೆ ಕುಳಿತು, ಊಟ ಮುಗಿಸಿ, ಉಳಿದ ಮುಕ್ಕಾಲು ಗಂಟೆಯಲ್ಲಿ ನಾಲ್ಕು ಸಭಾಂಗಣಗಳನ್ನು ದಾಟಿ, ಕೆಂಪು ಕಾರಿನ ಮುಂದೆ ಚಿತ್ರ ತೆಗೆಸಿಕೊಂಡು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಊಟದ ನಂತರದ ಭಾರದಲ್ಲಿ ಯಂತ್ರದ ವಿವರಗಳು ಕಣ್ಣಿಗೆ ಹತ್ತುವುದಿಲ್ಲ. ಬೆಳಗಿನ ಮೊದಲ ಎರಡು ಗಂಟೆಗಳನ್ನು ಸಂಗ್ರಹಾಲಯಕ್ಕೇ ಮೀಸಲಿಡಿ.

ಎರಡು ಗಂಟೆಯಲ್ಲಿ 80 ವಾಹನಗಳೆಂದರೆ ಒಂದಕ್ಕೆ ಒಂದೂವರೆ ನಿಮಿಷ. ಆ ಲೆಕ್ಕದಲ್ಲಿ ನೋಡಿದವರಿಗೆ ಸಂಜೆಯ ಹೊತ್ತಿಗೆ ಹೊಳೆಯುವ ಬಣ್ಣಗಳಷ್ಟೇ ನೆನಪಿರುತ್ತವೆ. ನಾನು ಸೂಚಿಸುವ ಕ್ರಮ ಹೀಗಿದೆ. ಮೊದಲ ಅರ್ಧ ಗಂಟೆಯಲ್ಲಿ ಎಲ್ಲಿಯೂ ನಿಲ್ಲದೆ ನಾಲ್ಕೂ ಸಭಾಂಗಣಗಳನ್ನು ಹಳೆಯದರಿಂದ ಹೊಸದರ ಕಡೆಗೆ ನಡೆದು ಮುಗಿಸಿ. ನಡೆಯುವಾಗಲೇ ಎಂಟು ವಾಹನಗಳನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ, ಒಂದೊಂದು ಸಭಾಂಗಣದಿಂದ ಎರಡರಂತೆ. ಆಮೇಲೆ ಹಿಂದಿರುಗಿ ಆ ಎಂಟರ ಮುಂದೆ ತಲಾ ಹತ್ತು ನಿಮಿಷ ನಿಲ್ಲಿ. ಮಕ್ಕಳು ಜೊತೆಗಿದ್ದರೆ ಆಯ್ಕೆಯನ್ನು ಅವರಿಗೇ ಬಿಡಿ, ಅವರು ಸಾಮಾನ್ಯವಾಗಿ ದೊಡ್ಡವರಿಗಿಂತ ಒಳ್ಳೆಯದನ್ನೇ ಆರಿಸುತ್ತಾರೆ.

ಒಳಗೆ ಪಾಲಿಸಬೇಕಾದ ನಿಯಮಗಳು ಕಡಿಮೆ, ಆದರೆ ಮುಖ್ಯ. ವಾಹನಗಳನ್ನು ಮುಟ್ಟಬಾರದು. ಬೆರಳಿನ ಬೆವರಿನ ಉಪ್ಪು ನಿಕಲ್ ಲೇಪ ಮತ್ತು ಹಿತ್ತಾಳೆಯನ್ನು ನಿಧಾನವಾಗಿ ಕೆಡಿಸುತ್ತದೆ, ಉಂಗುರ ಅಥವಾ ಬಳೆ ತಗುಲಿ ಬಿದ್ದ ಗೀರನ್ನು ಮುಚ್ಚಬೇಕಾದರೆ ಹಳೆಯ ಮೂಲ ಬಣ್ಣವನ್ನೇ ಕೆರೆಯಬೇಕಾಗುತ್ತದೆ. ಬೆನ್ನಿನ ಚೀಲವನ್ನು ಮುಂದಕ್ಕೆ ಹಾಕಿಕೊಳ್ಳಿ, ತಿರುಗುವಾಗ ಮಡ್‌ಗಾರ್ಡಿಗೆ ಉಜ್ಜುವುದು ಹೆಚ್ಚಾಗಿ ಈ ಚೀಲವೇ. ಚಿತ್ರ ತೆಗೆಯುವ ಮುನ್ನ ಸಿಬ್ಬಂದಿಯನ್ನು ಒಂದು ಮಾತು ಕೇಳಿ. ಹೊಳೆಯುವ ಮೇಲ್ಮೈಗೆ ಫ್ಲ್ಯಾಷ್ ಬಳಸಿದರೆ ಹೇಗೂ ಬಿಳಿ ಚುಕ್ಕೆಯಷ್ಟೇ ಮೂಡುತ್ತದೆ.

6. ಹಳೆಯ ಕಾರನ್ನು ಓದುವುದು

ಈ ಹಂತವನ್ನು ನಾನು ಬೇಕೆಂದೇ ವಿಸ್ತಾರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಫಲಕದ ಮೇಲೆ ಬರೆದ ಹೆಸರು ಮತ್ತು ವರ್ಷಕ್ಕಿಂತ ಹೆಚ್ಚಿನದು ಕಾರಿನ ಮೈಮೇಲೆಯೇ ಇರುತ್ತದೆ.

ಮೊದಲು ಪದಗಳು. ನಮ್ಮಲ್ಲಿ ಹಳೆಯದೆಲ್ಲವನ್ನೂ 'ವಿಂಟೇಜ್' ಎನ್ನುವ ರೂಢಿಯಿದೆ. ಈ ವಿಷಯದಲ್ಲಿ ತೊಡಗಿದವರು ಆ ಪದವನ್ನು ಹೆಚ್ಚಾಗಿ 1919ರಿಂದ 1930ರವರೆಗಿನ ಕಾರುಗಳಿಗೆ ಮಾತ್ರ ಬಳಸುತ್ತಾರೆ. 1918ರ ಒಳಗಿನವು 'ವೆಟರನ್', 1931ರಿಂದ 1945ರವರೆಗಿನವು 'ಪೋಸ್ಟ್ ವಿಂಟೇಜ್', ಆಮೇಲಿನವು ಬಹುಪಾಲು 'ಕ್ಲಾಸಿಕ್'. ದೇಶದಿಂದ ದೇಶಕ್ಕೆ, ಕ್ಲಬ್ಬಿನಿಂದ ಕ್ಲಬ್ಬಿಗೆ ಗಡಿಗಳು ಅಲ್ಪಸ್ವಲ್ಪ ಬದಲಾಗುತ್ತವೆ. 'ಷಾಸಿ' ಎಂದರೆ ಎಂಜಿನ್ನು ಮತ್ತು ಚಕ್ರಗಳನ್ನು ಹೊರುವ ಕೆಳಗಿನ ಉಕ್ಕಿನ ಚೌಕಟ್ಟು. 'ಕೋಚ್‌ಬಿಲ್ಡರ್' ಎಂದರೆ ಆ ಚೌಕಟ್ಟಿನ ಮೇಲೆ ಮೈಯನ್ನು ಕಟ್ಟಿಕೊಡುವ ಕಾರ್ಖಾನೆ. ಎರಡನೆಯ ಮಹಾಯುದ್ಧದ ಹೊತ್ತಿನವರೆಗೂ ರೋಲ್ಸ್ ರಾಯ್ಸ್‌ನಂಥ ಕಂಪನಿಗಳು ಮಾರುತ್ತಿದ್ದುದು ಷಾಸಿಯನ್ನು ಮಾತ್ರ, ಮೇಲಿನ ಮೈಯನ್ನು ಕೊಳ್ಳುವವರು ತಮಗೆ ಬೇಕಾದ ಕೋಚ್‌ಬಿಲ್ಡರ್ ಹತ್ತಿರ ಮಾಡಿಸಿಕೊಳ್ಳುತ್ತಿದ್ದರು. ಮೈಸೂರಿನವರೂ ಸೇರಿದಂತೆ ಭಾರತದ ಅರಸರು ತರಿಸಿಕೊಂಡ ರೋಲ್ಸ್ ರಾಯ್ಸ್‌ಗಳಲ್ಲಿ ಒಂದು ಇನ್ನೊಂದರಂತೆ ಕಾಣದಿರುವುದಕ್ಕೆ ಇದೇ ಕಾರಣ. ಬಾಗಿಲಿನ ಕೆಳಗಿನ ಹೊಸ್ತಿಲಿನಂಥ ಪಟ್ಟಿಯನ್ನು ಗಮನಿಸಿ, ಕೋಚ್‌ಬಿಲ್ಡರ್ ಹೆಸರಿನ ಸಣ್ಣ ತಗಡು ಹೆಚ್ಚಾಗಿ ಅಲ್ಲಿರುತ್ತದೆ.

ಈಗ ಕಾರಿನ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ.

ಚಕ್ರಗಳಿಂದ ಆರಂಭಿಸೋಣ. ತೀರಾ ಹಳೆಯ ಕಾರುಗಳಲ್ಲಿ ಮರದ ಅರೆಗಳ ಚಕ್ರವಿರುತ್ತದೆ. ಎತ್ತಿನ ಗಾಡಿ ಕಂಡವರಿಗೆ ಅದರ ಕಟ್ಟುವಿಕೆ ಪರಿಚಿತವೇ, ಗಾಲಿಯ ಹೊರಗೆ ಕಬ್ಬಿಣದ ಪಟ್ಟಿಯ ಬದಲು ರಬ್ಬರು ಬಂದಿದೆ ಅಷ್ಟೆ. ನಂತರ ಸೈಕಲ್ಲಿನಂತೆ ತಂತಿಯ ಚಕ್ರ, ಆಮೇಲೆ ಅಚ್ಚೊತ್ತಿದ ಉಕ್ಕಿನ ಚಕ್ರ. ಚಕ್ರದ ಹಿಂದೆ ಬ್ರೇಕಿನ ಡಬ್ಬಿಯಿದೆಯೇ ನೋಡಿ. 1920ರ ದಶಕದ ಆರಂಭದವರೆಗೆ ಬಹುತೇಕ ಕಾರುಗಳಿಗೆ ಬ್ರೇಕು ಇದ್ದುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಮುಂದಿನ ಚಕ್ರದ ಒಳಗೆ ಏನೂ ಇಲ್ಲದೆ ಬರಿದಾಗಿರುವುದನ್ನು ಕಂಡರೆ, ಆ ಕಾಲದ ಚಾಲಕ ಇಳಿಜಾರಿನಲ್ಲಿ ಎಷ್ಟು ಮುಂಚಿತವಾಗಿ ಯೋಚಿಸಬೇಕಿತ್ತೆಂಬುದು ಅರ್ಥವಾಗುತ್ತದೆ.

ಮುಂಭಾಗದಲ್ಲಿ ರೇಡಿಯೇಟರಿನ ಕೆಳಗೆ ಹ್ಯಾಂಡಲ್ ಇದೆಯೇ ಗಮನಿಸಿ. ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸುವ ಕಾಲದಲ್ಲಿ ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಹೆಬ್ಬೆರಳನ್ನು ಹಿಡಿಯ ಸುತ್ತ ಹಾಕದೆ ಉಳಿದ ಬೆರಳುಗಳ ಬದಿಗೇ ಇಡಬೇಕೆಂಬುದು ಹಳೆಯ ಲಾರಿ ಓಡಿಸಿದವರಿಗೆ ಗೊತ್ತಿದ್ದ ಪಾಠ. 1912ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಈ ಅಪಾಯ ತಗ್ಗುತ್ತಾ ಬಂತು. ಆದರೂ ಹ್ಯಾಂಡಲ್ ತೂರಿಸುವ ರಂಧ್ರ ದಶಕಗಳ ಕಾಲ ಉಳಿದುಕೊಂಡಿತು, ನಮ್ಮ ಅಂಬಾಸಿಡರ್ ಕಂಡವರಿಗೆ ಅದು ಹೊಸದಲ್ಲ.

ದೀಪಗಳು ಕಾಲವನ್ನು ಹೇಳುವುದರಲ್ಲಿ ಇನ್ನೂ ನಿಖರ. ಹಿತ್ತಾಳೆಯ ದೊಡ್ಡ ದೀಪಕ್ಕೆ ಕೊಳವೆಯೊಂದು ಜೋಡಿಸಿದ್ದು, ಅದರ ಇನ್ನೊಂದು ತುದಿ ಫುಟ್‌ಬೋರ್ಡಿನ ಮೇಲಿನ ಹಿತ್ತಾಳೆಯ ಡಬ್ಬಿಗೆ ಹೋಗಿದ್ದರೆ ಅದು ಕಾರ್ಬೈಡ್ ದೀಪ. ಡಬ್ಬಿಯೊಳಗಿನ ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿ ಅಸಿಟಿಲೀನ್ ಅನಿಲ ಹೊರಡುತ್ತಿತ್ತು, ಅದನ್ನು ಹೊತ್ತಿಸಿ ದಾರಿ ಕಾಣುತ್ತಿದ್ದರು. ಮಾವು ಹಣ್ಣು ಮಾಡಲು ಬಳಸಬಾರದೆಂದು ನಮ್ಮಲ್ಲಿ ನಿಷೇಧವಿರುವುದು ಇದೇ ಕಾರ್ಬೈಡಿಗೆ. ವಿದ್ಯುತ್ ದೀಪ ಬಂದಾಗ ಕೊಳವೆಯ ಜಾಗದಲ್ಲಿ ತಂತಿ ಬಂತು. ಮೊದಲು ಮಡ್‌ಗಾರ್ಡಿನ ನಡುವೆ ಬೇರೆಯಾಗಿ ನಿಂತಿದ್ದ ದೀಪಗಳು ಕ್ರಮೇಣ ಅದರೊಳಗೇ ಅಡಗಿದವು. ಸಭಾಂಗಣದಿಂದ ಸಭಾಂಗಣಕ್ಕೆ ನಡೆಯುವಾಗ ಬೇರಾವುದನ್ನೂ ನೋಡದೆ ದೀಪಗಳನ್ನಷ್ಟೇ ಹಿಂಬಾಲಿಸಿದರೂ ಐವತ್ತು ವರ್ಷಗಳ ಚರಿತ್ರೆ ಸಿಗುತ್ತದೆ.

ಒಳಗೆ ಇಣುಕುವಾಗ ಪೆಡಲುಗಳನ್ನು ನೋಡಿ. ಫೋರ್ಡ್ ಮಾಡೆಲ್ ಟಿ ಎದುರಾದರೆ ಅಲ್ಲಿ ಖಂಡಿತ ನಿಲ್ಲಿ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಈ ಕಾರಿನಲ್ಲಿ ಮೂರು ಪೆಡಲುಗಳಿವೆ, ಆದರೆ ಇಂದಿನ ಅರ್ಥದಲ್ಲಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಕೆಳ ಗೇರು, ಬಿಟ್ಟರೆ ಮೇಲು ಗೇರು. ನಡುವಿನದು ರಿವರ್ಸ್. ಬಲಗಡೆಯದು ಬ್ರೇಕು. ಎಂಜಿನ್ನಿನ ವೇಗ ಹೆಚ್ಚಿಸುವುದು ಕಾಲಿನಿಂದಲ್ಲ, ಸ್ಟೇರಿಂಗ್ ಕೆಳಗಿನ ಬಲಬದಿಯ ಕಡ್ಡಿಯಿಂದ. ಎಡಬದಿಯ ಇನ್ನೊಂದು ಕಡ್ಡಿ ಕಿಡಿ ಹಾರುವ ಕ್ಷಣವನ್ನು ಹಿಂದುಮುಂದು ಮಾಡುತ್ತದೆ. ಇಂದು ಚೆನ್ನಾಗಿ ಕಾರು ಓಡಿಸುವವರನ್ನು ಅದರಲ್ಲಿ ಕೂರಿಸಿದರೆ ಹತ್ತು ಅಡಿ ಮುಂದಕ್ಕೆ ಹೋಗುವುದೂ ಕಷ್ಟವೇ. ಎಕ್ಸಲರೇಟರು, ಬ್ರೇಕು, ಕ್ಲಚ್ಚುಗಳ ಈಗಿನ ಸ್ಥಾನ ಒಂದು ದಿನ ಯಾರೋ ಕಂಡುಹಿಡಿದದ್ದಲ್ಲ, ಅನೇಕ ಪದ್ಧತಿಗಳು ಪೈಪೋಟಿ ನಡೆಸಿ ಒಂದು ಉಳಿದದ್ದೆಂಬುದು ಆ ಮೂರು ಪೆಡಲುಗಳ ಮುಂದೆ ನಿಂತಾಗ ತಿಳಿಯುತ್ತದೆ.

ಕೊನೆಗೆ ಮೈ. ಷಾಸಿಯ ಮೇಲೆ ಕೂರಿಸಿದ ಮೈಯಾದರೆ ಕಾರು ಎತ್ತರವಾಗಿರುತ್ತದೆ, ಹತ್ತಲು ಫುಟ್‌ಬೋರ್ಡ್ ಬೇಕಾಗುತ್ತದೆ. ಮೈಯೇ ಚೌಕಟ್ಟಿನ ಕೆಲಸವನ್ನೂ ಮಾಡುವ ಕಟ್ಟುವಿಕೆಗೆ 'ಮಾನೊಕಾಕ್' ಎನ್ನುತ್ತಾರೆ. 1922ರ ಲ್ಯಾನ್ಸಿಯಾ ಲ್ಯಾಂಬ್ಡಾ ಈ ದಿಕ್ಕಿನ ಮೊದಲ ದೊಡ್ಡ ಹೆಜ್ಜೆ. 1934ರ ಸಿಟ್ರೊಯೆನ್ ಟ್ರ್ಯಾಕ್ಸಿಯಾಂ ಆವಾಂ ಅದನ್ನು ಮುಂಚಕ್ರ ಚಾಲನೆಯ ಜೊತೆ ಸೇರಿಸಿ ದೊಡ್ಡ ಪ್ರಮಾಣದಲ್ಲಿ ತಯಾರಾಯಿತು. ಅಂಥ ಕಾರುಗಳು ನೆಲಕ್ಕೆ ಹತ್ತಿರವಾಗಿರುತ್ತವೆ, ಫುಟ್‌ಬೋರ್ಡಿನ ಅಗತ್ಯವೇ ಇರುವುದಿಲ್ಲ. ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ನಮ್ಮ ಅಂಬಾಸಿಡರ್ ಕೂಡ ಇದೇ ಬಗೆಯದು.

ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಅತಿಯಾಗಿ ಹೊಳೆಯುವ ಕಾರನ್ನು ನೋಡಿ ಮರುಳಾಗುವುದು ಸಹಜ, ಆದರೆ ಆ ಹೊಳಪು ನವೀಕರಣದ್ದು. ಸವೆದ ಚರ್ಮದ ಆಸನ, ಮಾಸಿದ ಬಣ್ಣ, ಕೈ ಹತ್ತಿ ಕಪ್ಪಾದ ಸ್ಟೇರಿಂಗ್ ಉಳಿದಿರುವ ಕಾರು ಸಿಕ್ಕಿದರೆ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಕೆಟ್ಟ ಕಾರನ್ನು ಎಷ್ಟು ಬಾರಿ ಬೇಕಾದರೂ ಹೊಸದಾಗಿಸಬಹುದು, ಮೂಲ ಸ್ಥಿತಿ ಒಮ್ಮೆ ಹೋದರೆ ಹೋದಂತೆಯೇ. ಕಾರಿನ ಅಡಿಯಲ್ಲಿ ತಗಡಿನ ತಟ್ಟೆ ಇಟ್ಟಿದ್ದರೆ ಅದರಲ್ಲಿ ಎಣ್ಣೆಯ ಹನಿಗಳಿವೆಯೇ ನೋಡಿ. ಎಣ್ಣೆ ಜಿನುಗುವ ಕಾರಿನ ಎಂಜಿನ್ನಿನೊಳಗೆ ಎಣ್ಣೆ ಇದೆ, ಅಂದರೆ ಅದನ್ನು ಓಡಿಸಲೆಂದೇ ಇಟ್ಟಿದ್ದಾರೆ.

ದಕ್ಷಿಣ ಆಫ್ರಿಕಾದ್ದೇ ಆದ ಕಾರುಗಳು ಕಂಡರೆ ಬಿಡಬೇಡಿ. ಫೋರ್ಡ್ ಕಂಪನಿ 1924ರಲ್ಲೂ ಜನರಲ್ ಮೋಟಾರ್ಸ್ 1926ರಲ್ಲೂ ಆಗಿನ ಪೋರ್ಟ್ ಎಲಿಜಬೆತ್‌ನಲ್ಲಿ ಕಾರು ಜೋಡಿಸಲು ತೊಡಗಿದವು. ಆ ಅನುಭವದಿಂದ ಬೆಳೆದ ದೇಶದಲ್ಲಿ, 1958ರಿಂದ ಕೇಪ್ ಟೌನ್ ಬಳಿ ಸಣ್ಣ ತಂಡವೊಂದು ಗಾಜಿನ ನಾರಿನ ಮೈಯುಳ್ಳ ಜಿಎಸ್ಎಂ ಡಾರ್ಟ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನು ತಯಾರಿಸಿತು. ಫೆರಾರಿ ಎನ್ಜೋವನ್ನು ಬೇರೆ ದೇಶಗಳಲ್ಲೂ ನೋಡಬಹುದು, ಡಾರ್ಟ್ ಮಾತ್ರ ಆ ನೆಲದ ಹೊರಗೆ ಅಪರೂಪ.

ಹೋಗುವ ಮುನ್ನ ಕಣ್ಣಿಗೆ ಅಭ್ಯಾಸ ಮಾಡಿಸಬೇಕೆಂದಿದ್ದರೆ ನಮ್ಮಲ್ಲೇ ಅವಕಾಶವಿದೆ. ಧರ್ಮಸ್ಥಳದ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳನ್ನು ಧರ್ಮಸ್ಥಳದಲ್ಲೂ ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲೂ ನೋಡಬಹುದು. ಮೇಲೆ ಹೇಳಿದ ಚಕ್ರ, ದೀಪ, ಪೆಡಲುಗಳನ್ನು ಅಲ್ಲಿ ಒಮ್ಮೆ ಹುಡುಕಿ ನೋಡಿ ಹೋದವರಿಗೆ ಫ್ರಾನ್ಸ್‌ಹುಕ್‌ನ ಸಾಲುಗಳು ಬೇಗ ಮಾತಾಡುತ್ತವೆ.

7. ಹಳೆಯ ಮನೆ ಮತ್ತು ಜಮೀನು

ಸಂಗ್ರಹಾಲಯದಿಂದ ಹೊರಬಂದ ಮೇಲೆ ಎಸ್ಟೇಟನ್ನೂ ಒಂದು ಪ್ರಾಚೀನ ವಸ್ತುವಿನಂತೆಯೇ ನೋಡಿ. ಫ್ರಾನ್ಸಿನಲ್ಲಿ ಮತೀಯ ಕಿರುಕುಳ ತಾಳಲಾರದೆ ಹೊರಟ ಹ್ಯೂಗೆನಾಟ್ ಎಂಬ ಪ್ರಾಟೆಸ್ಟೆಂಟ್ ಕುಟುಂಬಗಳು 1688ರಲ್ಲಿ ಈ ಕಡೆಗೆ ಬಂದವು. ಫ್ರಾನ್ಸ್‌ಹುಕ್ ಎಂದರೆ ಫ್ರೆಂಚರ ಮೂಲೆ. ಅವರಲ್ಲಿ ಒಬ್ಬನಾದ ಜಾನ್ ರ್ವಾ 1694ರಲ್ಲಿ ಪಡೆದ ಜಮೀನಿಗೆ ಪ್ರೊವಾನ್ಸ್ ಸೀಮೆಯ ಲೂರ್ಮರಾಂ ಎಂಬ ಊರಿನ ಹೆಸರಿಟ್ಟ, ಅದೇ ಇಂದಿನ ಲೋರ್ಮರಿನ್ಸ್. ಸುಣ್ಣ ಬಳಿದ ಬಿಳಿ ಗೋಡೆ, ನಡುವೆ ಅಲಂಕೃತ ತ್ರಿಕೋನ ಮುಖಭಿತ್ತಿ ಇರುವ 1811ರ ದೊಡ್ಡ ಮನೆ 'ಕೇಪ್ ಡಚ್' ಎಂಬ ವಾಸ್ತುಶೈಲಿಯದು. ಆಂಟನ್ ರೂಪರ್ಟ್ ಈ ಎಸ್ಟೇಟನ್ನು ಕೊಂಡದ್ದು 1969ರಲ್ಲಿ. ಅವರ ಮಗ ಆಂಟನಿ 2001ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ನಂತರ, ಅಣ್ಣ ಯೋಹಾನ್ ರೂಪರ್ಟ್ ಇದನ್ನು ವಹಿಸಿಕೊಂಡು ವೈನುಗಳಿಗೆ ತಮ್ಮನ ಹೆಸರನ್ನಿಟ್ಟರು.

ಬಿಳಿ ಗೋಡೆಗಳನ್ನು ಮೆಚ್ಚುವಾಗ ಅವನ್ನು ಎಬ್ಬಿಸಿದವರನ್ನೂ ನೆನೆಯಬೇಕು. ಕೇಪಿನ ದ್ರಾಕ್ಷಿತೋಟಗಳು ಗುಲಾಮರ ದುಡಿಮೆಯ ಮೇಲೆ ನಿಂತವು, ಅಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡದ್ದು 1834ರಲ್ಲಿ. ಡಚ್ ಈಸ್ಟ್ ಇಂಡಿಯಾ ಕಂಪನಿ ಹಡಗಿನಲ್ಲಿ ತಂದ ಗುಲಾಮರಲ್ಲಿ ಬಂಗಾಳ, ಮಲಬಾರ್ ಮತ್ತು ಕೋರಮಂಡಲ ತೀರದವರೂ ಇದ್ದರು. ಹಳೆಯ ದಾಖಲೆಗಳಲ್ಲಿ 'ವಾನ್ ಬೆಂಗಾಲನ್', 'ವಾನ್ ಮಲಬಾರ್' ಎಂದು ಊರೇ ಅವರ ಹೆಸರಾಗಿ ನಿಂತಿದೆ. ಭಾರತದಿಂದ ಹೋದ ನಮಗೆ ಆ ತೋಟಗಳಲ್ಲಿ ನಡೆಯುವಾಗ ಇದು ತಿಳಿದಿರಬೇಕು.

8. ವೈನ್ ರುಚಿ ನೋಡುವುದು

ಕುಡಿಯದವರು ಸಂಕೋಚಪಡಬೇಕಾಗಿಲ್ಲ, ಸಂಗ್ರಹಾಲಯವನ್ನಷ್ಟೇ ನೋಡಿ ಬರಬಹುದು. ದಕ್ಷಿಣ ಆಫ್ರಿಕಾದಲ್ಲಿ ಮದ್ಯ ಸೇವಿಸಲು 18 ವರ್ಷ ತುಂಬಿರಬೇಕು.

ರುಚಿ ನೋಡುವವರಿಗೆ ಕೆಲವು ಸೂಚನೆಗಳು ಸಾಕು. ಬಿಳಿಯಿಂದ ಕೆಂಪಿನ ಕಡೆಗೆ, ಹಗುರದಿಂದ ಗಾಢದ ಕಡೆಗೆ ಹೋಗಿ. ಮೇಜಿನ ಮೇಲೆ ಉಗುಳಲು ಇಟ್ಟಿರುವ ಪಾತ್ರೆಯನ್ನು ಬಳಸುವುದು ಅಲ್ಲಿ ಅಸಭ್ಯವಲ್ಲ, ವೃತ್ತಿಯವರು ಮಾಡುವುದೇ ಹಾಗೆ. 'ಕ್ಯಾಪ್ ಕ್ಲಾಸಿಕ್' ಎಂಬ ಹೆಸರು ಕಂಡರೆ ಅದು ಬಾಟಲಿಯೊಳಗೇ ಎರಡನೆಯ ಬಾರಿ ಹುದುಗಿಸಿದ ನೊರೆವೈನ್. 'ಪಿನೊಟಾಜ್' ಎಂಬುದು ಆ ದೇಶದ್ದೇ ತಳಿ, ಸ್ಟೆಲನ್‌ಬಾಶ್‌ನಲ್ಲಿ ಅಬ್ರಹಾಂ ಪೆರಾಲ್ಡ್ ಅವರು 1925ರಲ್ಲಿ ಪಿನೊ ನ್ವಾರ್ ಮತ್ತು ಸಿನ್ಸೊ ತಳಿಗಳನ್ನು ಸೇರಿಸಿ ಪಡೆದದ್ದು. ಖಾಲಿ ಹೊಟ್ಟೆಯಲ್ಲಿ ಕೂರಬೇಡಿ.

9. ಬಾಟಲಿಗಳನ್ನು ಊರಿಗೆ ತರುವುದು

ಭಾರತದ ಕಸ್ಟಮ್ಸ್ ನಿಯಮದಂತೆ ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. ಸಾಮಾನ್ಯ ವೈನ್ ಬಾಟಲಿಯಲ್ಲಿ 750 ಮಿಲಿಲೀಟರ್ ಇರುತ್ತದೆ. ಎರಡು ಬಾಟಲಿಗೆ ಒಂದೂವರೆ ಲೀಟರ್, ಮೂರನೆಯದನ್ನು ಸೇರಿಸಿದರೆ 2.25 ಲೀಟರ್ ಆಗಿ ಮಿತಿ ಮೀರುತ್ತದೆ. ಮೂರು ಬಾಟಲಿ ಕೊಂಡು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೇಚಿಗೆ ಸಿಲುಕಿದವರಿಂದ ನನಗೆ ಬಂದ ಪತ್ರಗಳು ಒಂದೆರಡಲ್ಲ. ಗಂಡ ಹೆಂಡತಿ ಇಬ್ಬರಿದ್ದರೆ ತಲಾ ಎರಡರಂತೆ ಹಂಚಿಕೊಂಡು ಅವರವರ ಪೆಟ್ಟಿಗೆಯಲ್ಲೇ ಇಡಿ.

ಕೈಚೀಲದಲ್ಲಿ ಬಾಟಲಿ ಒಯ್ಯಲು ಬಿಡುವುದಿಲ್ಲ, ಆದ್ದರಿಂದ ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯ ನಡುಭಾಗದಲ್ಲಿ, ಪ್ರತಿ ಬಾಟಲಿಯನ್ನೂ ದಪ್ಪ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಇಡಿ. ಕೊಂಡ ರಸೀದಿಯನ್ನು ಪೆಟ್ಟಿಗೆಯಲ್ಲಿ ಹಾಕದೆ ಪಾಸ್‌ಪೋರ್ಟಿನ ಜೊತೆಗೆ ಕೈಯಲ್ಲೇ ಇಟ್ಟುಕೊಳ್ಳಿ.